ಜನವರಿಯಲ್ಲಿ ಓದಿದ್ದು ಡಿಸೆಂಬರಿಗೂ ನೆನಪಿರಲಿ: ವರ್ಷದ ಮೆಚ್ಚಿನ ಪುಸ್ತಕ, ಸಿನಿಮಾ, ಸರಣಿಗಳ ಪಟ್ಟಿ ಮಾಡುವ ಕ್ರಮ

ಡಿಸೆಂಬರ್ ಕೊನೆಯ ವಾರ ‘ಈ ವರ್ಷ ಓದಿದ್ದರಲ್ಲಿ, ನೋಡಿದ್ದರಲ್ಲಿ ಯಾವುದು ಇಷ್ಟವಾಯಿತು?’ ಎಂದು ಯಾರಾದರೂ ಕೇಳಿದಾಗ ಥಟ್ಟನೆ ಬಾಯಿಗೆ ಬರುವ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ನೋಡಿ. ಹೆಚ್ಚಿನವು ದೀಪಾವಳಿಯಿಂದ ಈಚೆಗಿನವೇ ಆಗಿರುತ್ತವೆ. ಸಂಕ್ರಾಂತಿಯ ಹೊತ್ತಿಗೆ ಓದಿ ಮುಗಿಸಿ, ಎರಡು ದಿನ ಬೇರೇನೂ ಓದಲು ಮನಸ್ಸಾಗದಂತೆ ಮಾಡಿದ ಕಾದಂಬರಿ ಆ ಚೀಟಿಯಲ್ಲಿ ಇರುವುದೇ ಇಲ್ಲ. ಅದು ಕಳಪೆಯಾಗಿತ್ತು ಎಂದಲ್ಲ, ನಡುವೆ ಬಂದ ಹತ್ತಾರು ಸಿನಿಮಾ, ಸರಣಿಗಳು ಅದರ ಮೇಲೆ ಕೂತಿವೆ. ಹಾಗಾಗಿ ಮೆಚ್ಚಿನ ಪಟ್ಟಿಯ ನಿಜವಾದ ಕೆಲಸ ನಡೆಯುವುದು ಡಿಸೆಂಬರಿನಲ್ಲಲ್ಲ. ಪುಸ್ತಕ ಮುಚ್ಚಿದ ರಾತ್ರಿ, ಚಿತ್ರಮಂದಿರದಿಂದ ಮನೆಗೆ ಬಂದ ರಾತ್ರಿ ಬರೆದಿಡುವ ಎರಡು ಸಾಲಿನಲ್ಲಿ ಅದು ನಡೆಯುತ್ತದೆ. ಆ ಎರಡು ಸಾಲು ಬರೆಯುವುದು ಹೇಗೆ, ಅವುಗಳಿಂದ ವರ್ಷದ ಕೊನೆಗೆ ಪಟ್ಟಿ ಸೋಸುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ಕೊಟ್ಟಿದೆ.

ಮೊದಲ ತೀರ್ಮಾನ: ಯಾವುದು ‘ಈ ವರ್ಷದ್ದು’?

ಇದನ್ನು ಜನವರಿ 1ಕ್ಕೇ ಗಟ್ಟಿಮಾಡಿಕೊಳ್ಳಬೇಕು. ಇಲ್ಲವಾದರೆ ಕೊನೆಯಲ್ಲಿ ಅರ್ಧ ಸಮಯ ಇದೇ ಚರ್ಚೆಗೆ ಹೋಗುತ್ತದೆ. ಒಂದು ಸಿನಿಮಾಕ್ಕೆ ನಾಲ್ಕು ದಿನಾಂಕಗಳಿರುತ್ತವೆ: ಚಿತ್ರೋತ್ಸವದಲ್ಲಿ ಮೊದಲು ತೋರಿಸಿದ್ದು, ಸೆನ್ಸಾರ್ ಆದದ್ದು, ಚಿತ್ರಮಂದಿರಕ್ಕೆ ಬಂದದ್ದು, ನೀವು ನೋಡಿದ್ದು. ‘ತಿಥಿ’ 2015ರ ಆಗಸ್ಟಿನಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು, ಕರ್ನಾಟಕದ ಚಿತ್ರಮಂದಿರಗಳಿಗೆ ಬಂದದ್ದು 2016ರ ಮೇ ತಿಂಗಳಲ್ಲಿ. ‘777 ಚಾರ್ಲಿ’ ತೆರೆಕಂಡದ್ದು 2022ರ ಜೂನ್ 10ರಂದು, ಆದರೆ ಅದಕ್ಕೆ ಅತ್ಯುತ್ತಮ ಕನ್ನಡ ಚಿತ್ರ ಎಂಬ ರಾಷ್ಟ್ರಪ್ರಶಸ್ತಿ ಸಿಕ್ಕಿದ್ದು 2021ನೇ ಸಾಲಿಗೆ. ರಾಷ್ಟ್ರಪ್ರಶಸ್ತಿಗೆ ಲೆಕ್ಕಕ್ಕೆ ಬರುವುದು ಸೆನ್ಸಾರ್ ಪ್ರಮಾಣಪತ್ರದ ವರ್ಷ, ಬಿಡುಗಡೆಯ ವರ್ಷವಲ್ಲ. ‘ಕಾಟೇರ’ 2023ರ ಡಿಸೆಂಬರ್ 29ಕ್ಕೆ ಬಿಡುಗಡೆಯಾಯಿತು, ಬಹಳ ಜನ ಅದನ್ನು ನೋಡುವಷ್ಟರಲ್ಲಿ 2024 ಬಂದಿತ್ತು.

ವಿಮರ್ಶಕರು ಬಿಡುಗಡೆಯ ವರ್ಷವನ್ನು ಹಿಡಿಯುತ್ತಾರೆ, ಅವರಿಗೆ ಅದು ಸರಿ. ಸ್ವಂತ ಪಟ್ಟಿಗೆ ನೀವು ಮುಗಿಸಿದ ದಿನವನ್ನೇ ಹಿಡಿಯಿರಿ. 1933ರಲ್ಲಿ ಬಂದ ಕಾದಂಬರಿಯನ್ನು ಈ ವರ್ಷ ಮೊದಲ ಸಲ ಓದಿದ್ದರೆ ಅದು ನಿಮ್ಮ ಪಾಲಿಗೆ ಈ ವರ್ಷದ ಪುಸ್ತಕವೇ. ಡಿಸೆಂಬರಿನಲ್ಲಿ ಶುರುಮಾಡಿ ಜನವರಿ 3ಕ್ಕೆ ಮುಗಿಸಿದ್ದು ಹೊಸ ವರ್ಷದ ಖಾತೆಗೆ ಹೋಗುತ್ತದೆ. ಹೊಸ ಬಿಡುಗಡೆಗಳನ್ನು ಬೇರೆಯಾಗಿ ನೋಡಬೇಕೆನಿಸಿದರೆ ಪ್ರತಿ ನಮೂದಿನಲ್ಲಿ ಕೃತಿಯ ವರ್ಷವನ್ನೂ ಬರೆದಿಡಿ, ಆಮೇಲೆ ಬೇರ್ಪಡಿಸುವುದು ಸುಲಭ.

ಹೊರದೇಶದಲ್ಲಿರುವ ಕನ್ನಡಿಗರಿಗಂತೂ ಬೇರೆ ದಾರಿಯೇ ಇಲ್ಲ. ಅಲ್ಲಿ ಕನ್ನಡ ಸಿನಿಮಾ ಬರುವುದು ತಡವಾಗಿ, ಎಷ್ಟೋ ಸಲ ಒಂದು ವಾರಾಂತ್ಯದ ಒಂದೆರಡು ಪ್ರದರ್ಶನಕ್ಕೆ ಮಾತ್ರ. ಇಲ್ಲಿನ ಒಟಿಟಿಯಲ್ಲಿ ಸಿಗುವುದು ಅಲ್ಲಿ ಸಿಗದೆಯೂ ಇರಬಹುದು.

ನೋಟ್‌ಬುಕ್ಕೋ, ಮೊಬೈಲೋ?

ಎರಡೂ ನಡೆಯುತ್ತವೆ, ಆದರೆ ಮೊದಲ ವರ್ಷ ಕಾಗದದಲ್ಲೇ ಶುರುಮಾಡುವುದು ಒಳ್ಳೆಯದು. ಮೊಬೈಲ್ ತೆರೆದರೆ ಬರೆಯುವ ಮುಂಚೆ ಇನ್ನೇನೋ ಕಣ್ಣಿಗೆ ಬೀಳುತ್ತದೆ, ಬರೆಯಬೇಕಾದದ್ದು ಉಳಿದುಹೋಗುತ್ತದೆ. ಎಷ್ಟು ದೊಡ್ಡ ನೋಟ್‌ಬುಕ್ ಬೇಕು? ವರ್ಷಕ್ಕೆ 25 ಪುಸ್ತಕ, 60 ಸಿನಿಮಾ, 10 ಸರಣಿ ಎಂದುಕೊಂಡರೆ 95 ನಮೂದು. ಒಂದಕ್ಕೆ ಐದು ಸಾಲಿನಂತೆ 475 ಸಾಲು. ಪುಟಕ್ಕೆ 25 ಸಾಲಿರುವ ನೋಟ್‌ಬುಕ್ಕಿನಲ್ಲಿ 19 ಪುಟ ಸಾಕು. ಅಂದರೆ 96 ಪುಟದ ಶಾಲಾ ನೋಟ್‌ಬುಕ್ ಒಂದರಲ್ಲಿ ನಾಲ್ಕೈದು ವರ್ಷ ಕೂರುತ್ತದೆ. ದುಬಾರಿ ಡೈರಿ ಬೇಡ. ದಿನಕ್ಕೊಂದು ಪುಟವಿರುವ ಡೈರಿಯಲ್ಲಿ ಖಾಲಿ ಪುಟಗಳೇ ಹೆಚ್ಚಾಗಿ, ಮಾರ್ಚ್ ಹೊತ್ತಿಗೆ ಬರೆಯುವ ಉಮೇದು ಇಳಿಯುತ್ತದೆ.

ಪ್ರತಿ ನಮೂದಿನಲ್ಲಿ ಇರಬೇಕಾದದ್ದು: ಮುಗಿಸಿದ ದಿನಾಂಕ, ಹೆಸರು, ಲೇಖಕ ಅಥವಾ ನಿರ್ದೇಶಕ, ಕೃತಿಯ ವರ್ಷ, ಯಾವ ಭಾಷೆಯಲ್ಲಿ ಓದಿದ್ದು ಅಥವಾ ನೋಡಿದ್ದು, ಎಲ್ಲಿಂದ ಸಿಕ್ಕಿತು, ಉದ್ದ. ಆಮೇಲೆ ಎರಡು ಸಾಲು. ಕೆಳಗೆ ಒಂದು ಸಾಲು ಖಾಲಿ ಬಿಡಿ, ಅದರ ಕೆಲಸ ಮುಂದೆ ಬರುತ್ತದೆ.

ಪುಸ್ತಕದ ವಿವರಕ್ಕೆ ಮುಖಪುಟ ನೋಡಿದರೆ ಸಾಲದು, ಒಳಗಿನ ಮುದ್ರಣದ ವಿವರವಿರುವ ಪುಟ ತೆರೆಯಿರಿ. ಕನ್ನಡ ಪುಸ್ತಕಗಳಲ್ಲಿ ಆ ಒಂದು ಪುಟದಲ್ಲೇ ಮೊದಲ ಮುದ್ರಣದ ವರ್ಷ, ಈಗ ಎಷ್ಟನೇ ಮುದ್ರಣ, ಪುಟಗಳು, ಬೆಲೆ, ‘ಬಳಸಿದ ಕಾಗದ: 70 ಜಿಎಸ್‌ಎಂ ಮ್ಯಾಪ್‌ಲಿಥೊ, ಡೆಮಿ 1/8’ ಎಂಬಂಥ ಕಾಗದದ ತೂಕ, ಬಗೆ, ಪುಸ್ತಕದ ಆಕಾರದ ವಿವರವೂ ಇರುತ್ತದೆ. ಇಲ್ಲಿ ಆಗುವ ಸಾಮಾನ್ಯ ತಪ್ಪು ಎಂದರೆ ಮರುಮುದ್ರಣದ ವರ್ಷವನ್ನೇ ಕೃತಿಯ ವರ್ಷವೆಂದು ಬರೆದುಕೊಳ್ಳುವುದು. ಐವತ್ತು ವರ್ಷ ಹಿಂದಿನ ಕಾದಂಬರಿ ನಿಮ್ಮ ಲೆಕ್ಕದಲ್ಲಿ ಹೊಸದಾಗಿಬಿಡುತ್ತದೆ. ಪುಟಸಂಖ್ಯೆ ‘12 + 240’ ಎಂಬಂತೆ ಎರಡು ಭಾಗವಾಗಿದ್ದರೆ ಮೊದಲನೆಯದು ಮುನ್ನುಡಿ, ಅರಿಕೆ, ಪರಿವಿಡಿಯ ಪುಟಗಳು. 240ನ್ನು ಮಾತ್ರ ಬರೆಯಿರಿ. ಹಳೆಯ ಕನ್ನಡ ಪುಸ್ತಕಗಳಲ್ಲಿ ಪುಸ್ತಕದ ಗುರುತುಸಂಖ್ಯೆಯಾದ ಐಎಸ್‌ಬಿಎನ್ ಇರುವುದಿಲ್ಲ, ಅದನ್ನು ಹುಡುಕುತ್ತಾ ಕೂರಬೇಡಿ. ಅನುವಾದವಾದರೆ ಅನುವಾದಕರ ಹೆಸರು ಕಡ್ಡಾಯ. ನೀವು ಓದಿದ ಪ್ರತಿಯೊಂದು ವಾಕ್ಯವೂ ಅವರದು.

ಸಿನಿಮಾಕ್ಕೆ ಇದೇ ಕೆಲಸ ಮಾಡುವುದು ಆರಂಭದಲ್ಲಿ ತೆರೆಯ ಮೇಲೆ ಕೆಲವು ಸೆಕೆಂಡು ನಿಲ್ಲುವ ಸೆನ್ಸಾರ್ ಪ್ರಮಾಣಪತ್ರ. ಭಾಷೆ, ಅವಧಿ, ದಿನಾಂಕ, ವರ್ಗ ಎಲ್ಲವೂ ಅದರಲ್ಲಿದೆ. ಭಾಷೆಯ ಅಂಕಣವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದೇ ಮಲಯಾಳಂ ಸಿನಿಮಾವನ್ನು ಮೂಲ ಭಾಷೆಯಲ್ಲಿ ಉಪಶೀರ್ಷಿಕೆಯೊಂದಿಗೆ ನೋಡುವುದಕ್ಕೂ ಕನ್ನಡ ಡಬ್ಬಿಂಗಿನಲ್ಲಿ ನೋಡುವುದಕ್ಕೂ ಅನುಭವ ಬೇರೆ. ‘ಮಾತು ಯಾಂತ್ರಿಕ ಅನ್ನಿಸಿತು’ ಎಂದು ನೀವು ಬರೆದಿದ್ದರೆ ಅದು ಸಂಭಾಷಣೆ ಬರೆದವರ ದೋಷವೋ ಡಬ್ಬಿಂಗಿನದ್ದೋ ಎಂದು ಆರು ತಿಂಗಳ ಮೇಲೆ ಹೇಳಲು ಈ ಅಂಕಣವೊಂದೇ ಆಧಾರ.

ಆ ರಾತ್ರಿಯ ಎರಡು ಸಾಲು

ಇಡೀ ಕ್ರಮದಲ್ಲಿ ಬಿಡಬಾರದ ಹಂತ ಇದೊಂದೇ. ದಿನಾಂಕ ತಪ್ಪಿದರೆ ತಿದ್ದಬಹುದು, ಪುಟಸಂಖ್ಯೆ ಆಮೇಲೆ ಹುಡುಕಬಹುದು, ಆದರೆ ಆ ರಾತ್ರಿ ಮನಸ್ಸಿನಲ್ಲಿದ್ದದ್ದು ಮರುದಿನ ಸಿಗುವುದಿಲ್ಲ. ಮಲಗಿ ಎದ್ದ ಮೇಲೆ ಬರೆದದ್ದರಲ್ಲಿ ಆಗಲೇ ಬೇರೆಯವರ ಅಭಿಪ್ರಾಯ ಸೇರಿಕೊಂಡಿರುತ್ತದೆ. ಹೀಗಾಗಿ ವಿಮರ್ಶೆ, ರೀಲ್ಸ್, ಗೆಳೆಯರ ವಾಟ್ಸಾಪ್ ಸಂದೇಶ ಇವುಗಳಲ್ಲಿ ಯಾವುದನ್ನೂ ನೋಡುವ ಮುಂಚೆಯೇ ಬರೆಯಿರಿ.

ಮೊದಲ ಸಾಲಿನಲ್ಲಿ ಕಣ್ಣಿಗೆ ಕಟ್ಟಿದ ಒಂದು ನಿರ್ದಿಷ್ಟ ಸಂಗತಿ ಇರಲಿ: ಒಂದು ದೃಶ್ಯ, ಒಂದು ಮಾತು, ಒಬ್ಬ ಸಣ್ಣ ಪಾತ್ರ, ಹಿನ್ನೆಲೆಯಲ್ಲಿ ಕೇಳಿದ ಒಂದು ಸದ್ದು. ಎರಡನೆಯ ಸಾಲಿನಲ್ಲಿ ಅದು ನಿಮಗೆ ಏನು ಮಾಡಿತು ಎಂಬುದಿರಲಿ.

‘ತುಂಬಾ ಚೆನ್ನಾಗಿತ್ತು, ನಟನೆ ಸೂಪರ್, ಕ್ಲೈಮ್ಯಾಕ್ಸ್ ಸ್ವಲ್ಪ ಎಳೆದರು’ ಎಂದು ಬರೆದರೆ ಡಿಸೆಂಬರಿನಲ್ಲಿ ಏನೂ ಪ್ರಯೋಜನವಿಲ್ಲ. ಅದೇ ವಾಕ್ಯ ಹತ್ತು ಸಿನಿಮಾಗಳಿಗೆ ಒಪ್ಪುತ್ತದೆ. ಬದಲಿಗೆ ‘ಅಣ್ಣ ತಮ್ಮ ಪಾಲು ಮಾಡಿಕೊಳ್ಳುವಾಗ ಅಮ್ಮ ಒಳಗೆ ದೋಸೆ ಹುಯ್ಯುತ್ತಲೇ ಇರುತ್ತಾಳೆ, ಕಾವಲಿಯ ಸದ್ದು ಬಿಟ್ಟರೆ ಬೇರೆ ಸಂಗೀತವಿಲ್ಲ. ನಮ್ಮ ಮನೆಗಳಲ್ಲಿ ಜಗಳ ಹೀಗೇ ಆಗುತ್ತದೆ ಅನ್ನಿಸಿ ಮೈ ಜುಂ ಅಂದಿತು’ ಎಂದು ಬರೆದಿದ್ದರೆ ಆ ಸಿನಿಮಾದ ಹೆಸರೇ ಮರೆತಿದ್ದರೂ ಇಡೀ ಸಿನಿಮಾ ಎದ್ದು ಬರುತ್ತದೆ. ಇಷ್ಟವಾಗದ್ದಕ್ಕೂ ಇದೇ ನಿಯಮ. ‘ಬೋರ್’ ಎನ್ನಬೇಡಿ, ಎಷ್ಟನೇ ಪುಟದಲ್ಲಿ ಅಥವಾ ಯಾವ ಹಂತದಲ್ಲಿ ಗಮನ ಜಾರಿತು ಎಂದು ಬರೆಯಿರಿ.

ಪುಸ್ತಕ ಓದುವಾಗ ಇನ್ನೊಂದು ಅಭ್ಯಾಸ ನೆರವಾಗುತ್ತದೆ. ಹಿಂಬದಿಯ ರಕ್ಷಾಪುಟದ ಒಳಗೆ ಒಂದು ಚೀಟಿ ಸಿಕ್ಕಿಸಿ, ನಿಲ್ಲಿಸಿದ ಸಾಲಿನ ಪುಟಸಂಖ್ಯೆಯನ್ನು ಮಾತ್ರ ಪೆನ್ಸಿಲಿನಲ್ಲಿ ಬರೆಯುತ್ತಾ ಹೋಗಿ. 300 ಪುಟದ ಕಾದಂಬರಿಗೆ ಆರೇಳು ಸಂಖ್ಯೆ ಬಿದ್ದರೆ ಸಾಕು. ಗ್ರಂಥಾಲಯದ ಪುಸ್ತಕವಾದರೆ ಅಂಚಿನಲ್ಲಿ ಗೀಟು ಹಾಕುವ ಪಾಪವೂ ತಪ್ಪುತ್ತದೆ, ಹಿಂದಿರುಗಿಸುವಾಗ ಚೀಟಿ ನಿಮ್ಮ ಬಳಿ ಉಳಿಯುತ್ತದೆ.

ಚಿತ್ರೋತ್ಸವದ ದಿನಗಳಲ್ಲಿ ರಾತ್ರಿಯವರೆಗೆ ಕಾಯುವುದೂ ತಪ್ಪು. ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಒಂದೇ ದಿನ ನಾಲ್ಕು ಸಿನಿಮಾ ನೋಡುವವರಿದ್ದಾರೆ. ಮೂರನೆಯದು ಮುಗಿಯುವಷ್ಟರಲ್ಲಿ ಮೊದಲನೆಯದರ ಕೊನೆಯ ದೃಶ್ಯ ಎರಡನೆಯದಕ್ಕೆ ಹೋಗಿ ಅಂಟಿಕೊಂಡಿರುತ್ತದೆ. ಒಂದು ಪ್ರದರ್ಶನ ಮುಗಿದು ಮುಂದಿನದಕ್ಕೆ ಸಾಲಿನಲ್ಲಿ ನಿಂತಿರುವಾಗಲೇ ವೇಳಾಪಟ್ಟಿಯ ಹಾಳೆಯ ಅಂಚಿನಲ್ಲಿ ಗೀಚಿಕೊಳ್ಳಿ.

ನಕ್ಷತ್ರ ಬೇಡ, ಮೂವತ್ತು ದಿನದ ಸಾಲು ಸಾಕು

ಐದಕ್ಕೆ ಇಷ್ಟು ನಕ್ಷತ್ರ, ಹತ್ತಕ್ಕೆ ಇಷ್ಟು ಅಂಕ ಎನ್ನುವ ರೂಢಿ ಸ್ವಂತ ಪಟ್ಟಿಗೆ ಉಪಯೋಗಕ್ಕಿಂತ ತೊಂದರೆಯನ್ನೇ ಹೆಚ್ಚು ಕೊಡುತ್ತದೆ. ಇಷ್ಟಪಟ್ಟು ಆರಿಸಿಕೊಂಡು ನೋಡುವವರ ಅಂಕಗಳೆಲ್ಲ ಮೂರೂವರೆಗೂ ನಾಲ್ಕಕ್ಕೂ ನಡುವೆ ಬಂದು ಗುಂಪುಗೂಡುತ್ತವೆ. ವರ್ಷದ ಕೊನೆಗೆ ನಾಲ್ಕು ನಕ್ಷತ್ರದ 25 ಸಿನಿಮಾ ಕೈಯಲ್ಲಿದ್ದರೆ ಅವುಗಳಲ್ಲಿ ಆರಿಸುವುದು ಹೇಗೆ? ಜೊತೆಗೆ ಫೆಬ್ರವರಿಯ ನಾಲ್ಕಕ್ಕೂ ನವೆಂಬರಿನ ನಾಲ್ಕಕ್ಕೂ ತೂಕ ಒಂದೇ ಆಗಿರುವುದಿಲ್ಲ, ನಡುವೆ ಅಳತೆಗೋಲು ಸರಿದಿರುತ್ತದೆ.

ಅದರ ಬದಲು, ಖಾಲಿ ಬಿಟ್ಟ ಆ ಒಂದು ಸಾಲನ್ನು ಮೂವತ್ತು ದಿನದ ಮೇಲೆ ತುಂಬಿ. ಮೊದಲು ಬರೆದ ಎರಡು ಸಾಲನ್ನು ಕೈಯಿಂದ ಮುಚ್ಚಿ, ಹೆಸರು ಮಾತ್ರ ನೋಡಿ, ಈಗ ನೆನಪಿಗೆ ಬರುವುದನ್ನು ಬರೆಯಿರಿ. ಪಕ್ಕದಲ್ಲಿ ಮೂರರಲ್ಲಿ ಒಂದು ಗುರುತು ಹಾಕಿ: ಉಳಿದಿದೆ, ಮಸುಕಾಗಿದೆ, ಹೋಗಿದೆ. ತಿಂಗಳ ಮೊದಲ ಭಾನುವಾರ ಹಿಂದಿನ ತಿಂಗಳಿನದ್ದನ್ನೆಲ್ಲ ಒಟ್ಟಿಗೆ ಮಾಡಿದರೆ ಅರ್ಧ ಗಂಟೆಯ ಕೆಲಸ. ಲೆಕ್ಕಕ್ಕೆ ಕೆಲವಕ್ಕೆ ಒಂದು ವಾರ, ಕೆಲವಕ್ಕೆ ನಾಲ್ಕು ವಾರ ಆಗಿರುತ್ತದೆ, ಒಂದು ವಾರದವನ್ನು ಮುಂದಿನ ತಿಂಗಳಿಗೆ ಬಿಡಿ. ಚಿತ್ರಮಂದಿರದಲ್ಲಿ ಶಿಳ್ಳೆ ಹಾಕಿಸಿದ ಎಷ್ಟೋ ಸಿನಿಮಾಗಳು ‘ಹೋಗಿದೆ’ಯ ಸಾಲಿಗೆ ಸೇರುವುದನ್ನೂ, ಓದುವಾಗ ನಿಧಾನ ಅನ್ನಿಸಿದ ಪುಸ್ತಕ ‘ಉಳಿದಿದೆ’ಯಾಗಿ ನಿಲ್ಲುವುದನ್ನೂ ನೀವೇ ಕಾಣುತ್ತೀರಿ.

ಎಣಿಕೆಯ ತಕರಾರುಗಳು

ಯಾವುದನ್ನು ಒಂದು ಎಂದು ಎಣಿಸಬೇಕು ಎಂಬುದು ಸಣ್ಣ ಪ್ರಶ್ನೆಯಂತೆ ಕಂಡರೂ ಪಟ್ಟಿ ಕೆಡುವುದು ಹೆಚ್ಚಾಗಿ ಇಲ್ಲೇ.

‘ಸಪ್ತ ಸಾಗರದಾಚೆ ಎಲ್ಲೋ’ ಎರಡು ಭಾಗಗಳೂ ಒಂದೇ ವರ್ಷ ಬಂದವು, ಸೈಡ್ ಎ 2023ರ ಸೆಪ್ಟೆಂಬರ್ 1ಕ್ಕೆ, ಸೈಡ್ ಬಿ ನವೆಂಬರ್ 17ಕ್ಕೆ. ಇಂಥವನ್ನು ಎರಡು ನಮೂದಾಗಿ ಬರೆದು, ಪಟ್ಟಿಗೆ ಬಂದರೆ ಒಂದೇ ಸ್ಥಾನ ಕೊಡುವುದು ಸರಿ. ಭಾಗಗಳ ನಡುವೆ ನಿಮ್ಮ ಅಭಿಪ್ರಾಯ ಬದಲಾಗಿದ್ದರೆ ಅದು ನಮೂದಿನಲ್ಲಿ ಉಳಿದಿರುತ್ತದೆ.

ಒಂದೇ ಹೆಸರಿನ ಎರಡು ಕೃತಿಗಳಿದ್ದರೆ ಎರಡೂ ಬೇರೆ ಬೇರೆ. ಶಿವರಾಮ ಕಾರಂತರ ‘ಚೋಮನ ದುಡಿ’ ಕಾದಂಬರಿ 1933ರದು, ಬಿ.ವಿ. ಕಾರಂತರ ಸಿನಿಮಾ 1975ರದು. ಹೆಸರಿನ ಮುಂದೆ ‘ಕಾದಂಬರಿ’, ‘ಸಿನಿಮಾ’ ಎಂದು ಬರೆಯದೆ ಬಿಟ್ಟರೆ ಕೊನೆಗೆ ಗೊಂದಲ ಖಂಡಿತ. ಅನುವಾದಗಳಲ್ಲಿ ಇನ್ನೂ ಸೂಕ್ಷ್ಮ ಬೇಕು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ‘ಹಾರ್ಟ್ ಲ್ಯಾಂಪ್’ ಬಾನು ಮುಷ್ತಾಕ್ ಅವರ ಯಾವುದೋ ಒಂದು ಕನ್ನಡ ಸಂಕಲನದ ಇಂಗ್ಲಿಷ್ ರೂಪವಲ್ಲ. ಹಲವು ಸಂಕಲನಗಳಿಂದ ಆಯ್ದ 12 ಕತೆಗಳನ್ನು ದೀಪಾ ಭಾಸ್ತಿ ಅನುವಾದಿಸಿದ್ದಾರೆ. ಹಿಂದೆ ಕನ್ನಡದಲ್ಲಿ ಓದಿದ್ದೇನಲ್ಲ ಎಂದು ಅದನ್ನು ‘ಮರು ಓದು’ ಎಂದು ಬರೆದರೆ ತಪ್ಪಾಗುತ್ತದೆ. ಕಥಾಸಂಕಲನಗಳಿಗೆ ನಮೂದು ಒಂದೇ ಇರಲಿ, ಆದರೆ ಆ ಎರಡು ಸಾಲಿನಲ್ಲಿ ಇಷ್ಟವಾದ ಒಂದು ಕತೆಯ ಹೆಸರು ಇರಲೇಬೇಕು. ಸಂಕಲನದ ಹೆಸರು ನೆನಪಿದ್ದು ಕತೆಯ ಹೆಸರು ಮರೆತುಹೋಗುವುದು ಎಲ್ಲರಿಗೂ ಆಗುವ ಅನುಭವ.

ನಾಟಕಗಳನ್ನು ಸಿನಿಮಾದ ಜೊತೆ ಸೇರಿಸಬೇಡಿ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ರಂಗರೂಪ ರಾತ್ರಿಯಿಡೀ, ಸುಮಾರು ಒಂಬತ್ತು ಗಂಟೆ ನಡೆಯುತ್ತದೆ. ಅದನ್ನೂ ಎರಡೂವರೆ ಗಂಟೆಯ ಸಿನಿಮಾವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಎರಡಕ್ಕೂ ಅನ್ಯಾಯ. ನಾಟಕಕ್ಕೆ ತಂಡದ ಹೆಸರು, ರಂಗಮಂದಿರ, ದಿನಾಂಕ ಮೂರೂ ಬೇಕು, ಯಾಕೆಂದರೆ ಅದೇ ನಾಟಕ ಇನ್ನೊಂದು ರಾತ್ರಿ ಇನ್ನೊಂದೇ ಆಗಿರುತ್ತದೆ.

ಇನ್ನು ಧಾರಾವಾಹಿ. ವಾರಕ್ಕೆ ಐದು ಕಂತು, ಜಾಹೀರಾತು ಕಳೆದು ಒಂದೊಂದು 22 ನಿಮಿಷ ಎಂದುಕೊಳ್ಳಿ. ವರ್ಷಕ್ಕೆ 260 ಕಂತು, 5,720 ನಿಮಿಷ, ಅಂದರೆ 95 ಗಂಟೆಗೂ ಹೆಚ್ಚು. ಎರಡು ಗಂಟೆ ಇಪ್ಪತ್ತು ನಿಮಿಷದ 40 ಸಿನಿಮಾಗಳ ಹೊತ್ತು ಅದು. ಮನೆಮಂದಿಯೊಂದಿಗೆ ಊಟದ ಹೊತ್ತಿಗೆ ನೋಡುವ ಧಾರಾವಾಹಿಯನ್ನು ಹಲವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಆಮೇಲೆ ‘ಈ ವರ್ಷ ಏನೂ ಓದಲಾಗಲಿಲ್ಲ’ ಎಂದು ಕೊರಗುತ್ತಾರೆ. ತಿಂಗಳಿಗೊಂದು ನಮೂದು ಮಾಡಿ, ಆ ತಿಂಗಳ ಒಂದು ಒಳ್ಳೆಯ ಕಂತು ಯಾವುದು ಎಂದು ಬರೆಯಿರಿ. ಒಟಿಟಿಯ ಸರಣಿಗಳಿಗೆ ಸೀಸನ್ನಿಗೊಂದು ನಮೂದು ಸಾಕು. 45 ನಿಮಿಷದ ಎಂಟು ಕಂತಾದರೆ ಅದು ಆರು ಗಂಟೆ, ಗಂಟೆಗೆ 25 ಪುಟ ಓದುವವರಿಗೆ 150 ಪುಟದ ಪುಸ್ತಕದಷ್ಟು.

ಅರ್ಧಕ್ಕೆ ಬಿಟ್ಟವನ್ನೂ ಬರೆಯಿರಿ. ‘ಪುಟ 84ಕ್ಕೆ ನಿಲ್ಲಿಸಿದೆ’ ಎಂಬುದು ಮುಖ್ಯ ಮಾಹಿತಿ. ಅವು ಮೆಚ್ಚಿನ ಪಟ್ಟಿಗೆ ಬರುವುದಿಲ್ಲ, ಆದರೆ ಮುಂದಿನ ವರ್ಷ ಬೇಕಾಗುತ್ತವೆ.

ಕಂಪ್ಯೂಟರಿಗೆ ಹಾಕುವಾಗ ಕನ್ನಡದಲ್ಲಿ ಆಗುವ ಎಡವಟ್ಟು

ಮೂರು ತಿಂಗಳಿಗೊಮ್ಮೆ ನೋಟ್‌ಬುಕ್ಕಿನಿಂದ ಗೂಗಲ್ ಶೀಟ್ಸ್‌ಗೆ ಇಳಿಸಿದರೆ ಹುಡುಕಲು, ವಿಂಗಡಿಸಲು ಅನುಕೂಲ. ಆದರೆ ಕೆಲವು ಎಚ್ಚರಿಕೆ ಬೇಕು.

‘ನುಡಿ’ ಅಥವಾ ‘ಬರಹ’ ತಂತ್ರಾಂಶದಲ್ಲಿ ಟೈಪ್ ಮಾಡುವವರು ಯೂನಿಕೋಡ್ ಆಯ್ಕೆಯಲ್ಲೇ ಇದ್ದೀರೆಂದು ಖಾತ್ರಿಮಾಡಿಕೊಳ್ಳಿ. ಹಳೆಯ ಆನ್ಸಿ ಅಕ್ಷರದಲ್ಲಿ ಟೈಪ್ ಮಾಡಿದ್ದು ಬೇರೆ ಯಂತ್ರದಲ್ಲಿ ಅರ್ಥವಿಲ್ಲದ ಅಕ್ಷರಗಳ ರಾಶಿಯಾಗುತ್ತದೆ. ಪುಟಸಂಖ್ಯೆ, ನಿಮಿಷಗಳನ್ನು 0ರಿಂದ 9ರ ಅಂಕಿಗಳಲ್ಲೇ ಬರೆಯಿರಿ. ಕನ್ನಡ ಅಂಕಿ ನೋಡಲು ಚೆಂದ, ಆದರೆ ಶೀಟ್ ಅದನ್ನು ಅಕ್ಷರವೆಂದು ತಿಳಿದು ಕೂಡುವುದಿಲ್ಲ. ಕನ್ನಡದ ಸೊನ್ನೆ ‘೦’ಯನ್ನು ಅನುಸ್ವಾರದ ಜಾಗದಲ್ಲಿ ಒತ್ತುವ ತಪ್ಪೂ ವ್ಯಾಪಕ. ‘ಕ೦ತು’ ಮತ್ತು ‘ಕಂತು’ ಕಣ್ಣಿಗೆ ಒಂದೇ, ಯಂತ್ರಕ್ಕೆ ಎರಡು ಬೇರೆ ಪದ, ಹುಡುಕಿದರೆ ಅರ್ಧ ಮಾತ್ರ ಸಿಗುತ್ತವೆ. ‘ಎಸ್‌ಎಲ್’ನಂಥ ಪದಗಳ ನಡುವೆ ಒತ್ತಕ್ಷರ ಆಗದಂತೆ ತಡೆಯುವ ಅಗೋಚರ ಚಿಹ್ನೆಯೊಂದು ಕೂತಿರುತ್ತದೆ, ಒಮ್ಮೆ ಹಾಕಿ ಒಮ್ಮೆ ಬಿಟ್ಟರೂ ಇದೇ ಗತಿ. ಲೇಖಕರ ಹೆಸರನ್ನು ಪ್ರತಿಸಲ ಟೈಪ್ ಮಾಡುವ ಬದಲು ಹಿಂದಿನ ನಮೂದಿನಿಂದ ನಕಲು ಮಾಡಿ ಅಂಟಿಸುವುದೇ ಇದಕ್ಕೆಲ್ಲ ಸುಲಭ ಪರಿಹಾರ. ಪುಸ್ತಕ, ಸಿನಿಮಾ, ಸರಣಿ ಎಂಬ ಪ್ರಕಾರದ ಅಂಕಣಕ್ಕೆ ಡ್ರಾಪ್‌ಡೌನ್ ಹಾಕಿಬಿಡಿ.

ದಿನಾಂಕಕ್ಕೆ ಶೀಟಿನ ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್ ಭಾರತ ಎಂದಿದೆಯೇ ನೋಡಿ. ಅದು ಅಮೆರಿಕ ಎಂದಿದ್ದರೆ ಏಪ್ರಿಲ್ 3 ಎಂದು ನೀವು ಬರೆದ 3/4 ಮಾರ್ಚ್ 4 ಆಗುತ್ತದೆ. 2025-04-03 ಎಂದು ವರ್ಷವನ್ನು ಮೊದಲಿಟ್ಟು ಬರೆದರೆ ಎಲ್ಲಿಯೂ ಕೆಡುವುದಿಲ್ಲ.

ಆ್ಯಪ್‌ಗಳ ವಿಷಯ ಚಿಕ್ಕದಾಗಿ. ಸಿನಿಮಾಕ್ಕೆ ಲೆಟರ್‌ಬಾಕ್ಸ್‌ಡ್ ಚೆನ್ನಾಗಿದೆ, ನೋಡಿದ ದಿನಾಂಕದ ಡೈರಿ ಅದರಲ್ಲೇ ಇದೆ. ಆದರೆ ಅದು ಸಿನಿಮಾಕ್ಕೆಂದು ಕಟ್ಟಿದ್ದು, ಟಿವಿ ಸರಣಿಗಳಲ್ಲಿ ಕೆಲವೇ ಕಿರುಸರಣಿಗಳು ಸಿಗುತ್ತವೆ. ಪುಸ್ತಕಕ್ಕೆ ಗುಡ್‌ರೀಡ್ಸ್, ಸ್ಟೋರಿಗ್ರಾಫ್ ಇವೆ. ಕನ್ನಡ ಪುಸ್ತಕಗಳು ಅಲ್ಲಿ ಒಮ್ಮೆ ಕನ್ನಡ ಲಿಪಿಯಲ್ಲಿ, ಒಮ್ಮೆ ಇಂಗ್ಲಿಷ್ ಅಕ್ಷರದಲ್ಲಿ, ಎರಡು ಮೂರು ಕಾಗುಣಿತದಲ್ಲಿ ಸೇರಿರುತ್ತವೆ ಅಥವಾ ಇರುವುದೇ ಇಲ್ಲ. ‘ಏಕಂ’ ಎಂಬ ಏಳು ಕಂತಿನ ಕನ್ನಡ ಸರಣಿ 2024ರಲ್ಲಿ ದೊಡ್ಡ ಒಟಿಟಿಗಳಲ್ಲಲ್ಲ, ತನ್ನದೇ ಜಾಲತಾಣದಲ್ಲಿ ಬಂತು. ಇಂಥದ್ದನ್ನು ಯಾವ ಆ್ಯಪ್ ತಾನಾಗಿ ನೆನಪಿಡುತ್ತದೆ? ಹೀಗಾಗಿ ಆ್ಯಪ್ ಜೊತೆಗಿರಲಿ, ಮೂಲ ದಾಖಲೆ ನಿಮ್ಮ ಕೈಯಲ್ಲಿರಲಿ. ಬಳಸುವವರು ವರ್ಷಕ್ಕೊಮ್ಮೆ ಸೆಟ್ಟಿಂಗ್ಸ್‌ನಿಂದ ಡೇಟಾ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ.

ಈಗಾಗಲೇ ಅರ್ಧ ವರ್ಷ ಕಳೆದುಹೋಗಿದ್ದರೆ

ಕಳೆದ ತಿಂಗಳುಗಳನ್ನು ಸಾಕಷ್ಟು ಮಟ್ಟಿಗೆ ಮರಳಿ ಕಟ್ಟಬಹುದು. ನೆಟ್‌ಫ್ಲಿಕ್ಸ್‌ನಲ್ಲಿ ಖಾತೆಗೆ ಹೋಗಿ, ನಿಮ್ಮ ಪ್ರೊಫೈಲಿನ ವ್ಯೂಯಿಂಗ್ ಆ್ಯಕ್ಟಿವಿಟಿ ತೆರೆದರೆ ಕೊನೆಯಲ್ಲಿ ಎಲ್ಲವನ್ನೂ ಇಳಿಸಿಕೊಳ್ಳುವ ಆಯ್ಕೆ ಇದೆ. ಹೆಸರು, ದಿನಾಂಕ ಇರುವ ಸಿಎಸ್‌ವಿ ಕಡತ ಸಿಗುತ್ತದೆ. ಐದು ನಿಮಿಷ ನೋಡಿ ಬಿಟ್ಟದ್ದೂ ಅದರಲ್ಲಿ ಇರುತ್ತದೆ, ಮನೆಯವರೆಲ್ಲ ಒಂದೇ ಪ್ರೊಫೈಲ್ ಬಳಸುತ್ತಿದ್ದರೆ ಅವರು ನೋಡಿದ್ದೂ ಸೇರಿರುತ್ತದೆ. ಆ ಕಡತವನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದು ಕನ್ನಡ ಹೆಸರುಗಳು ಕೆಟ್ಟು ಕಂಡರೆ ಗಾಬರಿ ಬೇಡ: ಡೇಟಾ ವಿಭಾಗದಿಂದ ಇಂಪೋರ್ಟ್ ಮಾಡಿ, ಫೈಲ್ ಒರಿಜಿನ್‌ನಲ್ಲಿ 65001 ಯೂನಿಕೋಡ್ ಯುಟಿಎಫ್-8 ಆರಿಸಿ.

ಚಿತ್ರಮಂದಿರದಲ್ಲಿ ನೋಡಿದ್ದಕ್ಕೆ ಟಿಕೆಟ್ ಆ್ಯಪ್‌ನ ಹಳೆಯ ಬುಕಿಂಗ್‌ಗಳು, ಯುಪಿಐ ಪಾವತಿಯ ಪಟ್ಟಿ ನೆರವಾಗುತ್ತವೆ. ಒಂಟಿ ಪರದೆಯ ಚಿತ್ರಮಂದಿರದ ಕೌಂಟರಿನಲ್ಲಿ ನಗದು ಕೊಟ್ಟು ಕೊಂಡ ಟಿಕೆಟ್ಟಿಗೆ ಮಾತ್ರ ಆ ದಿನದ ಫೋಟೊಗಳೇ ಗತಿ. ಪುಸ್ತಕಗಳಿಗೆ ಕೊಂಡ ರಸೀದಿ, ಗ್ರಂಥಾಲಯದ ಕಾರ್ಡು, ಕನ್ನಡ ಇ-ಪುಸ್ತಕಗಳ ಮೈಲ್ಯಾಂಗ್‌ನಂಥ ಆ್ಯಪ್‌ನಲ್ಲಿ ಓದಿದ್ದರೆ ಅಲ್ಲಿನ ನಿಮ್ಮ ಪುಸ್ತಕಗಳ ಪಟ್ಟಿ. ಹೀಗೆ ಹೆಸರು, ದಿನಾಂಕ ಸಿಗುತ್ತವೆ, ಆದರೆ ಎರಡು ಸಾಲು ಸಿಗುವುದಿಲ್ಲ. ಈಗ ನೆನಪಿರುವ ಒಂದು ಸಾಲನ್ನು ಬರೆದು ‘ತಡವಾಗಿ’ ಎಂದು ಪಕ್ಕದಲ್ಲಿ ಗುರುತು ಹಾಕಿ. ಏನೂ ನೆನಪಾಗದಿದ್ದರೆ ‘ಹೋಗಿದೆ’ ಎಂದು ಬರೆದು ಮುಂದೆ ನಡೆಯಿರಿ.

ಸೋಸುವುದು

ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ಕೊನೆಯಲ್ಲಿ ಆ ಮೂರು ತಿಂಗಳ ‘ಉಳಿದಿದೆ’ಗಳನ್ನು ಓದಿ, ಪ್ರಕಾರಕ್ಕೆ ಹೆಚ್ಚೆಂದರೆ ಮೂರಕ್ಕೆ ಕೆಂಪು ಚುಕ್ಕೆ ಇಡಿ. ಮೂರು ಸಿಗದಿದ್ದರೆ ಬಲವಂತ ಬೇಡ. ವರ್ಷದ ಮೊದಲ ತಿಂಗಳುಗಳಿಗೂ ಕೊನೆಯವಕ್ಕೂ ಸಮಾನ ಜಾಗ ಸಿಗುವುದು ಈ ಹಂತದಿಂದಲೇ. ಕೊನೆಗೆ ಹೆಚ್ಚೆಂದರೆ ಪುಸ್ತಕಕ್ಕೆ 12, ಸಿನಿಮಾಕ್ಕೆ 12, ಸರಣಿಗೆ ಅದಕ್ಕಿಂತ ಕಡಿಮೆ ಉಳಿಯುತ್ತವೆ.

ಈಗ 12ನ್ನು ಒಟ್ಟಿಗೆ ಎದುರಿಗಿಟ್ಟುಕೊಂಡು ಕ್ರಮ ಹಚ್ಚಲು ಹೋದರೆ ತಲೆ ಕೆಡುತ್ತದೆ. ಹಳೆಯ ಲಗ್ನಪತ್ರಿಕೆಗಳ ಖಾಲಿ ಬದಿಯನ್ನು ಇಸ್ಪೀಟ್ ಎಲೆಯ ಗಾತ್ರಕ್ಕೆ ಕತ್ತರಿಸಿ, ಒಂದೊಂದರಲ್ಲಿ ಒಂದು ಹೆಸರು ಬರೆಯಿರಿ. ಒಂದು ಎಲೆ ನೆಲದ ಮೇಲಿಡಿ. ಎರಡನೆಯದನ್ನು ಅದರೊಂದಿಗೆ ಹೋಲಿಸಿ ಮೇಲೋ ಕೆಳಗೋ ಇಡಿ. ಮುಂದಿನ ಪ್ರತಿ ಎಲೆಯನ್ನೂ ಆಗಲೇ ಇಟ್ಟಿರುವ ಸಾಲಿನ ನಡುವಿನ ಎಲೆಯೊಂದಿಗೆ ಮೊದಲು ಹೋಲಿಸಿ. ಅದಕ್ಕಿಂತ ಮೇಲಾದರೆ ಮೇಲಿನ ಅರ್ಧದ ನಡುವಿನದರೊಂದಿಗೆ, ಕೆಳಗಾದರೆ ಕೆಳಗಿನ ಅರ್ಧದ ನಡುವಿನದರೊಂದಿಗೆ, ಜಾಗ ಸಿಗುವವರೆಗೆ. 12 ಹೆಸರುಗಳಲ್ಲಿ ಪ್ರತಿಯೊಂದನ್ನೂ ಉಳಿದ ಎಲ್ಲದರೊಂದಿಗೆ ಹೋಲಿಸಿದರೆ 66 ಹೋಲಿಕೆ ಬೇಕು, ಈ ಕ್ರಮದಲ್ಲಿ 33ನ್ನು ಮೀರುವುದಿಲ್ಲ.

ಹೋಲಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ‘ಯಾವುದು ಶ್ರೇಷ್ಠ?’ ಎಂಬುದಲ್ಲ. ಹಾಗೆ ಕೇಳಿದ ಕೂಡಲೇ ಪ್ರಶಸ್ತಿ, ಲೇಖಕರ ಹೆಸರು, ಜನ ಏನೆಂದಾರು ಎಂಬ ಅಳುಕು ಎಲ್ಲ ಒಳಗೆ ಬರುತ್ತವೆ. ‘ಎರಡರಲ್ಲಿ ಯಾವುದನ್ನು ಈ ವರ್ಷ ಓದದೆ, ನೋಡದೆ ಉಳಿದಿದ್ದರೆ ನನಗೆ ಹೆಚ್ಚು ನಷ್ಟವಾಗುತ್ತಿತ್ತು?’ ಎಂದು ಕೇಳಿ. ‘ಯಾವುದನ್ನು ಮತ್ತೆ ನೋಡುವೆ?’ ಎಂಬ ಪ್ರಶ್ನೆ ಸುಲಭವಾದರೂ ಮೋಸ ಮಾಡುತ್ತದೆ. ಕೆಲವು ಸಿನಿಮಾಗಳನ್ನು ಇನ್ನೊಮ್ಮೆ ನೋಡುವ ಧೈರ್ಯ ಬರುವುದಿಲ್ಲ, ಆ ಪ್ರಶ್ನೆ ಕೇಳಿದರೆ ಅವು ಕೆಳಗಿಳಿದು, ಹಗುರವಾದ ಹಾಸ್ಯಚಿತ್ರ ಮೇಲೇರುತ್ತದೆ. ನಿಜವಾಗಿ ಸಂತೋಷಕ್ಕೆಂದೇ ನೋಡಿದ್ದಕ್ಕೆ ಬೇರೆ ಒಂದು ಸ್ಥಾನ ಇಟ್ಟುಬಿಡಿ.

ಡಿಸೆಂಬರ್ 25ಕ್ಕೇ ಪಟ್ಟಿ ಮುಗಿಸುವ ಆತುರ ಬೇಡ. ವರ್ಷದ ಕೊನೆಯ ಹದಿನೈದು ದಿನದ ರಜೆಯಲ್ಲಿ ಎಷ್ಟೋ ಜನ ಅತಿ ಹೆಚ್ಚು ನೋಡುತ್ತಾರೆ, ಓದುತ್ತಾರೆ. ಅವು ಇನ್ನೂ ಬಿಸಿಯಾಗಿರುತ್ತವೆ. ಅವುಗಳ ಖಾಲಿ ಸಾಲು ತುಂಬಲು ಎರಡು ವಾರವಾದರೂ ಕೊಟ್ಟು, ಪಟ್ಟಿಯನ್ನು ಸಂಕ್ರಾಂತಿಗೆ ಎಳ್ಳುಬೆಲ್ಲದ ಜೊತೆ ಹಂಚಿ.

ಬೇರೆಯವರಿಗಾಗಿ ಬರೆಯುವಾಗ

ಐದು ಪುಸ್ತಕ, ಐದು ಸಿನಿಮಾ, ಎರಡು ಮೂರು ಸರಣಿ. ಇದಕ್ಕಿಂತ ಉದ್ದವಾದರೆ ಓದುವವರು ಹೆಸರುಗಳ ಮೇಲೆ ಕಣ್ಣಾಡಿಸಿ ಮುಂದೆ ಹೋಗುತ್ತಾರೆ, ಒಂದನ್ನೂ ಹುಡುಕಿ ಓದುವುದಿಲ್ಲ. ಪ್ರತಿಯೊಂದಕ್ಕೆ 60ರಿಂದ 80 ಪದ. ಅದರಲ್ಲಿ ಕತೆಯ ಸಾರಾಂಶಕ್ಕೆ ಒಂದೇ ವಾಕ್ಯ ಮೀಸಲಿಡಿ, ಮೊದಲ ಕಾಲು ಭಾಗದಾಚೆ ನಡೆಯುವುದನ್ನು ಹೇಳಬೇಡಿ. ಉಳಿದದ್ದೆಲ್ಲ ಆ ರಾತ್ರಿಯ ಎರಡು ಸಾಲಿನಿಂದ, ತಿಂಗಳ ಮೇಲಿನ ಒಂದು ಸಾಲಿನಿಂದ ಬರಲಿ. ಯಾರಿಗೆ ಹಿಡಿಸದಿರಬಹುದು ಎಂಬುದನ್ನೂ ಹೇಳಿ: ನಿಧಾನಗತಿಯದು, ಹಿಂಸೆಯ ದೃಶ್ಯವಿದೆ, ಮಲೆನಾಡಿನ ಅಥವಾ ಉತ್ತರ ಕರ್ನಾಟಕದ ಆಡುಮಾತು ಮೊದಲ ಐವತ್ತು ಪುಟ ಕಷ್ಟ ಕೊಡಬಹುದು. ಹೀಗೆ ಹೇಳಿದ್ದರಿಂದ ಓದುಗರು ದೂರವಾಗುವುದಿಲ್ಲ, ಸರಿಯಾದವರು ಹತ್ತಿರ ಬರುತ್ತಾರೆ.

ಪುಸ್ತಕಕ್ಕೆ ಪ್ರಕಾಶನದ ಹೆಸರು, ಪುಟ, ಬೆಲೆ ಹಾಕಿ. ಕನ್ನಡದಲ್ಲಿ ಪ್ರಕಾಶನದ ಹೆಸರಿಲ್ಲದೆ ಪುಸ್ತಕ ಹುಡುಕುವುದು ಕಷ್ಟ, ಎಷ್ಟೋ ಸಲ ನೇರವಾಗಿ ಅವರಿಂದಲೇ ತರಿಸಬೇಕಾಗುತ್ತದೆ. ಸಿನಿಮಾ ಎಲ್ಲಿ ಸಿಗುತ್ತದೆ ಎಂದು ಬರೆದರೆ ಪಕ್ಕದಲ್ಲಿ ‘ಜನವರಿ 10ರಂದು ನೋಡಿದಂತೆ’ ಎಂದು ದಿನಾಂಕ ಸೇರಿಸಿ. ಒಟಿಟಿಗಳ ಹಕ್ಕಿನ ಅವಧಿ ಮುಗಿದರೆ ಸಿನಿಮಾ ಸದ್ದಿಲ್ಲದೆ ಮಾಯವಾಗುತ್ತದೆ. ಕದ್ದು ಹಾಕಿದ ಪ್ರತಿಗಳ ಕೊಂಡಿ, ಪುಸ್ತಕಗಳ ಅನಧಿಕೃತ ಪಿಡಿಎಫ್ ಕೊಡಬೇಡಿ. ಕನ್ನಡದ ಪುಸ್ತಕದ ಒಂದು ಮುದ್ರಣ ಸಾಮಾನ್ಯವಾಗಿ ಸಾವಿರ ಪ್ರತಿಯ ಆಸುಪಾಸು, ನಿಮ್ಮ ಪಟ್ಟಿ ನೋಡಿ ಇಪ್ಪತ್ತು ಜನ ಕೊಂಡರೂ ಅದು ಪ್ರಕಾಶಕರಿಗೆ ಎದ್ದು ಕಾಣುತ್ತದೆ.

ಪಟ್ಟಿ ಕಳಿಸಿದ ಮೇಲೆ ನೋಟ್‌ಬುಕ್ಕಿನಲ್ಲಿ ಒಂದು ಪುಟ ಬಿಟ್ಟು ಹೊಸ ವರ್ಷ ಬರೆಯಿರಿ. ಅದರ ಮೊದಲ ಸಾಲುಗಳಲ್ಲಿ ಅರ್ಧಕ್ಕೆ ಬಿಟ್ಟವುಗಳ ಹೆಸರು ಮತ್ತು ನಿಲ್ಲಿಸಿದ ಪುಟಸಂಖ್ಯೆ ಇರಲಿ. ಬಿಟ್ಟ ಆ ಒಂದು ಪುಟವನ್ನು ಪಟ್ಟಿ ನೋಡಿದವರು ‘ಇದನ್ನು ಓದಿ, ಇದನ್ನು ನೋಡಿ’ ಎಂದು ಹೇಳುವ ಹೆಸರುಗಳಿಗೆ ಮೀಸಲಿಡಿ. ಹೇಳಿದವರ ಹೆಸರನ್ನೂ ಪಕ್ಕದಲ್ಲಿ ಬರೆದುಕೊಂಡರೆ, ಮುಗಿಸಿದ ದಿನ ಯಾರಿಗೆ ಫೋನ್ ಮಾಡಬೇಕೆಂದು ಗೊತ್ತಿರುತ್ತದೆ.